ವಾದ್ಯವೃಂದದ ಸ್ವಂತ ತಾಣ

ವರ್ಲ್ಡ್ ವೈಡ್ ವೆಬ್ ಎಂಬ ಜಾಲದಲ್ಲಿ ಮೊತ್ತಮೊದಲು ಕಾಣಿಸಿಕೊಂಡ ಛಾಯಾಚಿತ್ರಗಳಲ್ಲೊಂದು ಗಾಯಕಿಯರ ತಂಡವೊಂದರದು. ಜಿನೀವಾ ನಗರದ ಬಳಿಯ ಸರ್ನ್ ಸಂಶೋಧನಾಲಯದಲ್ಲಿ ಟಿಮ್ ಬರ್ನರ್ಸ್-ಲೀ ಅವರು ಜಾಲದ ಆದಿರೂಪವನ್ನು ಬೆಳೆಸುತ್ತಿದ್ದ ದಿನಗಳಲ್ಲಿ, ಅಲ್ಲಿಯ ಸಮಾರಂಭಗಳಲ್ಲಿ ಹಾಡುತ್ತಿದ್ದ 'ಲೆ ಜೊರೀಬ್ಲ್ ಸೆರ್ನೆಟ್' ಎಂಬ ವಿನೋದಗೀತೆಗಳ ತಂಡದ ಚಿತ್ರವನ್ನು ಸಿಲ್ವಾನೊ ದೆ ಜೆನ್ನಾರೊ ಎಂಬವರು 1992ರಲ್ಲಿ ತೆಗೆದರು. ಅದು ಜಾಲದ ಪುಟವನ್ನೇರಿತು. ಸಂಗೀತದ ತಂಡಕ್ಕೂ ಜಾಲಕ್ಕೂ ಇರುವ ಸ್ನೇಹ ಇಷ್ಟು ಹಳೆಯದಾಗಿದ್ದರೂ, ಇಂದು ಅಲ್ಪಧನದ ತಂಡಗಳು ತಮಗಾಗಿ ಕಟ್ಟಿಸಿಕೊಳ್ಳುತ್ತಿರುವ ತಾಣಗಳನ್ನು ನೋಡಿದರೆ, ಹಣ ಸಲ್ಲಬೇಕಾದ ಕಡೆ ಸಲ್ಲದೆ, ಶ್ರಮ ಬೀಳಬೇಕಾದ ಕಡೆ ಬೀಳದೆ, ಎರಡೂ ಆಡಂಬರದಲ್ಲಿ ವ್ಯಯವಾಗುತ್ತಿವೆಯೆಂದು ಖೇದದಿಂದ ಹೇಳಬೇಕಾಗಿದೆ.

ತಾಣದ ಗುಣವನ್ನು ಅಳೆಯುವ ಮೊದಲು ಅಲ್ಲಿಗೆ ಬರುವವರು ಯಾರು ಎಂಬುದನ್ನು ವಿಚಾರಿಸುವುದು ಯುಕ್ತ. ಕಾಲೇಜಿನ ಉತ್ಸವಕ್ಕೆ ತಂಡವನ್ನು ಗೊತ್ತುಮಾಡಹೊರಟ ಕಾರ್ಯದರ್ಶಿ, ಕಾರ್ಯಕ್ರಮದ ಮುನ್ನಾದಿನ ನಾಲ್ಕು ಸಾಲು ಬರೆಯಬೇಕಾದ ಪತ್ರಕರ್ತ, ಎಲ್ಲಿಯೋ ಒಂದು ಹಾಡು ಕೇಳಿ ಮತ್ತೊಂದನ್ನು ಹುಡುಕಿಕೊಂಡು ಬಂದ ಶ್ರೋತೃ: ಮುಖ್ಯವಾಗಿ ಈ ಮೂವರು. ಇವರಿಗೆ ಬೇಕಾದದ್ದು ತಂಡದಲ್ಲಿ ಯಾರಾರಿದ್ದಾರೆ, ಯಾವ ವಾದ್ಯಗಳನ್ನು ನುಡಿಸುತ್ತಾರೆ, ಹಾಡು ಹೇಗಿದೆ, ಮುಂದಿನ ಕಛೇರಿ ಎಲ್ಲಿ, ಎಷ್ಟು ಹೊತ್ತಿಗೆ, ಯಾರಿಗೆ ಫೋನ್ ಮಾಡಬೇಕು ಎಂಬಿಷ್ಟು ಸಂಗತಿ. ಧ್ವನಿವರ್ಧಕದವನಿಗೆ ಎಷ್ಟು ಮೈಕ್ ಬೇಕು, ಡ್ರಮ್ಸ್ ಎಲ್ಲಿ ಕೂರಬೇಕು, ಮಾನಿಟರುಗಳು ಎತ್ತ ಮುಖಮಾಡಬೇಕು ಎಂಬುದನ್ನು ತೋರಿಸುವ ವೇದಿಕೆಯ ನಕ್ಷೆಯೊಂದಿದ್ದರೆ ಅದು ಸಂಘಟಕನ ಪಾಲಿಗೆ ಪರಮೋಪಕಾರ. ಆದರೆ ಅಂಥ ನಕ್ಷೆಯುಳ್ಳ ತಾಣಗಳು ತೀರ ವಿರಳ.

ಇವುಗಳ ಬದಲು ಕಾಣುವುದೇನು? ಪುಟ ತೆರೆದೊಡನೆ ಕೇಳದೆಯೇ ಮೊಳಗುವ ಹಾಡು. ಪರದೆಯನ್ನೆಲ್ಲ ಆವರಿಸಿ ಒಂದರ ಹಿಂದೊಂದು ಸರಿಯುವ ಭಾರವಾದ ಚಿತ್ರಗಳು. ಈ ಶತಮಾನದ ಮೊದಲ ದಶಕದಲ್ಲಿ ತಂಡಗಳ ತಾಣವೆಂದರೆ ಫ್ಲ್ಯಾಶ್ ತಂತ್ರಾಂಶದಲ್ಲಿ ರಚಿಸಿದ ಚಲಿಸುವ ಪೀಠಿಕೆಯೇ ಆಗಿತ್ತು. 2020ರ ಡಿಸೆಂಬರ್ 31ರಂದು ಅಡೋಬಿ ಸಂಸ್ಥೆಯು ಫ್ಲ್ಯಾಶ್ ಪ್ಲೇಯರಿಗೆ ನೀಡುತ್ತಿದ್ದ ಆಧಾರವನ್ನು ಹಿಂತೆಗೆದುಕೊಂಡ ಮೇಲೆ ಆ ಶ್ರಮವೆಲ್ಲ ಸಾಮಾನ್ಯ ಬ್ರೌಸರಿನಲ್ಲಿ ತೆರೆಯದಂತಾಯಿತು. ಅದೇ ಕಾಲದಲ್ಲಿ ಸರಳವಾದ ಎಚ್‌ಟಿಎಂಎಲ್‌ನಲ್ಲಿ ಬರೆದ ಪುಟಗಳು ಇಂದಿಗೂ ಯಾವ ಫೋನಿನಲ್ಲಾದರೂ ತೆರೆಯುತ್ತವೆ. ಅಗ್ಗದ ಮಾರ್ಗವೇ ಇಲ್ಲಿ ಚಿರಾಯುವಾಯಿತು ಎಂಬುದನ್ನು ಗಮನಿಸತಕ್ಕದ್ದು.

ಮತ್ತೊಂದು ರೂಢಿ ಇದಕ್ಕಿಂತಲೂ ಹಾನಿಕರವಾದದ್ದು. ಸ್ವಂತ ತಾಣವೇ ಬೇಡ, ಸಾಮಾಜಿಕ ಮಾಧ್ಯಮದ ಪುಟವೊಂದಿದ್ದರೆ ಸಾಕು ಎಂದು ಬಹುಪಾಲು ತಂಡಗಳು ಭಾವಿಸಿವೆ. ಅಲ್ಲಿ ಕೇಳುಗರ ಸಂದಣಿ ಇರುವುದು ನಿಜ. ಆದರೆ ಬಾಡಿಗೆಯ ಮನೆಯಲ್ಲಿ ಗೋಡೆಗೆ ಮೊಳೆ ಹೊಡೆಯುವುದಕ್ಕೂ ಯಜಮಾನನ ಅನುಮತಿ ಬೇಕು. ಒಂದು ಕಾಲದಲ್ಲಿ ಹೊಸ ತಂಡಗಳೆಲ್ಲ ಮೈಸ್ಪೇಸ್ ಎಂಬ ಸಾಮಾಜಿಕ ಮಾಧ್ಯಮವನ್ನೇ ನೆಚ್ಚಿಕೊಂಡಿದ್ದವು. ಸರ್ವರುಗಳ ಸ್ಥಳಾಂತರದ ವೇಳೆ 2016ಕ್ಕೆ ಹಿಂದಿನ ಹಾಡುಗಳು ನಾಶವಾದವೆಂದು 2019ರಲ್ಲಿ ಆ ಸಂಸ್ಥೆಯೇ ಒಪ್ಪಿಕೊಂಡಾಗ, ಹೋದವು ಸುಮಾರು 5 ಕೋಟಿ ಹಾಡುಗಳೆಂದು ಅಂದಾಜಾಯಿತು. ಅವುಗಳಲ್ಲಿ ಎಷ್ಟೋ ಹಾಡುಗಳಿಗೆ ಬೇರೆ ಪ್ರತಿ ಇದ್ದಿರಲಾರದು. ತಂಡಗಳಿಗೆ ನ್ಯಾಯವಾದ ಪಾಲು ಕೊಡುವುದೆಂದು ಹೆಸರಾದ ಬ್ಯಾಂಡ್‌ಕ್ಯಾಂಪ್ ಎಂಬ ಹಾಡು ಮಾರುವ ತಾಣ ಕೂಡ 2022ರಲ್ಲಿ ಎಪಿಕ್ ಗೇಮ್ಸ್ ಸಂಸ್ಥೆಯ ಕೈಸೇರಿ, 2023ರಲ್ಲಿ ಸಾಂಗ್‌ಟ್ರೇಡರ್ ಎಂಬ ಇನ್ನೊಂದು ಸಂಸ್ಥೆಗೆ ಮಾರಾಟವಾಯಿತು. ಒಡೆಯರು ಬದಲಾದಂತೆ ನಿಯಮಗಳೂ ಬದಲಾಗಬಹುದು; ತಂಡಕ್ಕೆ ಅದರಲ್ಲಿ ಯಾವ ಮಾತೂ ಇಲ್ಲ.

ಆದ್ದರಿಂದ ಅಲ್ಪವ್ಯಯದಲ್ಲಿ ತಾಣ ಕಟ್ಟುವವರು ಹಣ ಕೊಡಬೇಕಾದ ವಸ್ತು ಒಂದೇ: ಡೊಮೈನ್ ಎಂಬ ತಮ್ಮ ಹೆಸರು. ವರ್ಷಕ್ಕೆ ಸಾವಿರ ರೂಪಾಯಿಯ ಆಸುಪಾಸಿನಲ್ಲಿ ಅದು ದೊರೆಯುತ್ತದೆ; ಮೊದಲ ವರ್ಷದ ರಿಯಾಯಿತಿಯನ್ನು ನೋಡಿ ಮರುಳಾಗದೆ ನವೀಕರಣದ ದರವನ್ನು ವಿಚಾರಿಸಿಕೊಳ್ಳಬೇಕು. ಅದು ತಾಣವನ್ನು ಮಾಡಿಕೊಟ್ಟ ಗೆಳೆಯನ ಹೆಸರಿನಲ್ಲಾಗಲಿ, ತಂಡವನ್ನು ಬಿಟ್ಟುಹೋಗಬಹುದಾದ ಒಬ್ಬ ಸದಸ್ಯನ ಹೆಸರಿನಲ್ಲಾಗಲಿ ನೋಂದಾಯಿತವಾಗಿರದೆ, ಎಲ್ಲರಿಗೂ ಕೀಲಿ ತಿಳಿದಿರುವ ತಂಡದ ಸಾಮಾನ್ಯ ಇಮೇಲಿಗೆ ಸೇರಿರಬೇಕು. ಹೀಗೆ ಮಾಡದೆ ಹೆಸರನ್ನೇ ಕಳೆದುಕೊಂಡವರುಂಟು. ಪುಟಗಳನ್ನಿರಿಸುವ ಜಾಗಕ್ಕೆ ಗಿಟ್‌ಹಬ್ ಪೇಜಸ್‌ನಂಥ ಉಚಿತ ವ್ಯವಸ್ಥೆ ಸಾಲುತ್ತದೆ. ಅಲ್ಲಿ ಒಂದು ತಾಣಕ್ಕೆ 1 ಜಿಬಿಯ ಮಿತಿಯುಂಟು. 128 ಕೆಬಿಪಿಎಸ್‌ನ ಎಂಪಿ3 ಕಡತವು ನಿಮಿಷಕ್ಕೆ ಹೆಚ್ಚುಕಡಿಮೆ 1 ಎಂಬಿಯಷ್ಟಾಗುವುದರಿಂದ, ನಲವತ್ತು ನಿಮಿಷದ ಇಡೀ ಆಲ್ಬಮ್ಮು 40 ಎಂಬಿಯಲ್ಲಿ ಅಡಗುತ್ತದೆ. ಮಾರಾಟದ ಅಂಗಡಿ ನಡೆಸುವುದಕ್ಕೆ ಮಾತ್ರ ಆ ಉಚಿತ ಸ್ಥಳ ಉದ್ದಿಷ್ಟವಲ್ಲ. ಅದಕ್ಕಾಗಿ ಬ್ಯಾಂಡ್‌ಕ್ಯಾಂಪಿಗೆ ಒಂದು ಕೊಂಡಿ ಹಾಕಿ, ಹಾಡಿನ ಮಾರಾಟದಲ್ಲಿ ಅವರು ಇಟ್ಟುಕೊಳ್ಳುವ ಶೇಕಡ 15ರ ಪಾಲನ್ನು ಒಪ್ಪಿಕೊಳ್ಳುವುದು ಲೇಸು. ರೇಡಿಯೊಹೆಡ್ ತಂಡವು 2007ರ ಅಕ್ಟೋಬರ್ 10ರಂದು 'ಇನ್ ರೇನ್‌ಬೋಸ್' ಆಲ್ಬಮ್ಮನ್ನು ಕೇಳುಗರು ಕೊಟ್ಟಷ್ಟು ಬೆಲೆಗೆ ತನ್ನದೇ ತಾಣದಿಂದ ಹಂಚಿದ್ದುಂಟು. ಜಗತ್ಪ್ರಸಿದ್ಧರಿಗೆ ಅದು ಸಾಧ್ಯವಾಯಿತು, ಹೊಸಬರು ಅದನ್ನು ಅನುಕರಿಸಹೊರಡುವುದು ಬೇಡ.

ಸರಳ ಪುಟಗಳನ್ನು ತಾವೇ ಬರೆದು ತಾಣ ಕಟ್ಟುವ ಈ ಮಾರ್ಗದಲ್ಲಿ ದೋಷವಿಲ್ಲವೆಂದಲ್ಲ. ಸಿದ್ಧ ಅಚ್ಚಿನ ತಾಣದಲ್ಲಿ ಗುಂಡಿಯೊತ್ತಿದರೆ ಆಗುವ ಬದಲಾವಣೆಗೆ ಇಲ್ಲಿ ಯಾರಾದರೊಬ್ಬರು ಕುಳಿತು ಕಡತವನ್ನು ತಿದ್ದಬೇಕು. ಆ ಸಹನೆ ಇಲ್ಲದಿದ್ದರೆ ಹಿಂದಿನ ವರ್ಷದ ಕಛೇರಿಯೇ ಮುಂದಿನದಾಗಿ ನಿಂತುಬಿಡುತ್ತದೆ, ಮತ್ತು ಅಂಥ ಪುಟವನ್ನು ಕಂಡ ಸಂಘಟಕನು ತಂಡವೇ ಚದುರಿಹೋಗಿರಬೇಕೆಂದು ಭಾವಿಸುತ್ತಾನೆ.

ಕನ್ನಡದಲ್ಲಿ ಹಾಡುವ ತಂಡಗಳ ವಿಷಯದಲ್ಲಿ ನನ್ನ ಕೊರಗು ಇನ್ನೊಂದಿದೆ. ಕೇಳಲು ಅಚ್ಚಗನ್ನಡವಾದ ಹಾಡು ಪುಟದ ಮೇಲೆ ರೋಮನ್ ಲಿಪಿಯಲ್ಲಿ ಕುಳಿತಿರುತ್ತದೆ. ಅಥವಾ ಸಾಹಿತ್ಯವನ್ನು ಚಿತ್ರವಾಗಿ ಮಾಡಿ ಅಂಟಿಸಿರುತ್ತಾರೆ, ಇಲ್ಲವೆ ಯೂನಿಕೋಡ್ ಅಲ್ಲದ ಹಳೆಯ ಅಕ್ಷರವಿನ್ಯಾಸದಿಂದ ನಕಲಿಸಿ ಅರ್ಥವಿಲ್ಲದ ಚಿಹ್ನೆಗಳ ರಾಶಿಯನ್ನು ಬಿಟ್ಟಿರುತ್ತಾರೆ. ಮೂರರಲ್ಲಿ ಯಾವುದಾದರೂ ಸರಿ, ಹಾಡಿನ ಸಾಲೊಂದನ್ನು ನೆನಪಿಟ್ಟುಕೊಂಡು ಕನ್ನಡದಲ್ಲೇ ಹುಡುಕಿದವನಿಗೆ ಆ ತಂಡ ಸಿಕ್ಕುವುದಿಲ್ಲ. ಯೂನಿಕೋಡ್ ಕನ್ನಡಕ್ಕೆ ಒಂದು ಕಾಸೂ ಖರ್ಚಿಲ್ಲ. ನೋಟೊ ಸಾನ್ಸ್ ಕನ್ನಡದಂಥ ಸೊಗಸಾದ ಅಕ್ಷರವಿನ್ಯಾಸಗಳು ಉಚಿತವಾಗಿಯೇ ದೊರೆಯುತ್ತವೆ. ಹೊಸದಾಗಿ ತಾಣ ಕಟ್ಟಹೊರಟಿರುವ ತರುಣರು ಬಣ್ಣ ಬೆಡಗುಗಳ ಯೋಚನೆಯನ್ನು ಸ್ವಲ್ಪ ಕಾಲ ಬದಿಗಿರಿಸಿ, ತಮ್ಮ ಹಾಡುಗಳ ಪೂರ್ಣ ಸಾಹಿತ್ಯವನ್ನೂ, ಬರೆದವರ, ರಾಗ ಕೂಡಿಸಿದವರ, ನುಡಿಸಿದವರ ಹೆಸರುಗಳನ್ನೂ ಕನ್ನಡ ಲಿಪಿಯಲ್ಲಿ ಮೊದಲು ಬರೆದು ಹಾಕಲಿ.