ಮೂರು ಪಿನ್ನಿನ ಪ್ಲಗ್ಗಿನ ಜಾಣ್ಮೆ

ಮಿಕ್ಸಿಯದೋ ಇಸ್ತ್ರಿ ಪೆಟ್ಟಿಗೆಯದೋ ಮೂರು ಪಿನ್ನಿನ ಪ್ಲಗ್ ಕೈಗೆತ್ತಿಕೊಂಡು ನೋಡಿ. ಹಿತ್ತಾಳೆಯ ಮೂರು ಪಿನ್ನುಗಳಲ್ಲಿ ಮೇಲಿನದು ಉಳಿದೆರಡಕ್ಕಿಂತ ಉದ್ದ, ದಪ್ಪ. ಅದೇ ಅರ್ಥ್ ಪಿನ್. ಈ ಸಣ್ಣ ವ್ಯತ್ಯಾಸದಲ್ಲಿ ಎಷ್ಟೊಂದು ಮುಂದಾಲೋಚನೆ ಇದೆ!

ಉದ್ದವಿರುವುದರಿಂದ ಪ್ಲಗ್ ಹಾಕುವಾಗ ಭೂಸಂಪರ್ಕ ಎಲ್ಲಕ್ಕಿಂತ ಮೊದಲು ಕೂಡುತ್ತದೆ, ತೆಗೆಯುವಾಗ ಕೊನೆಗೆ ಬಿಡುತ್ತದೆ. ಇಸ್ತ್ರಿ ಪೆಟ್ಟಿಗೆಯೊಳಗೆ ಫೇಸ್ ತಂತಿ ಸಡಿಲಾಗಿ ಲೋಹದ ಮೈಗೆ ತಾಗಿದರೆ ಕರೆಂಟು ಈ ಪಿನ್ನಿನ ಮೂಲಕ ಹರಿದುಹೋಗುತ್ತದೆ. ಫ್ಯೂಸ್ ಸುಡುತ್ತದೆ, ಇಲ್ಲವೇ ಎಂಸಿಬಿ ಬೀಳುತ್ತದೆ. ಮುಟ್ಟಿದವರ ಜೀವ ಉಳಿಯುತ್ತದೆ. ದಪ್ಪವಿರುವುದರಿಂದ ಅದು ತಪ್ಪಿಯೂ ಫೇಸ್ ತೂತಿಗೆ ಹೋಗದು. ಶಟರ್ ಇರುವ ಹಲವು ಸಾಕೆಟ್ಟುಗಳಲ್ಲಿ ಅರ್ಥ್ ಪಿನ್ ಒಳಹೊಕ್ಕ ಮೇಲೆಯೇ ಕೆಳಗಿನ ಎರಡು ತೂತು ತೆರೆದುಕೊಳ್ಳುತ್ತವೆ. ಅಂಬೆಗಾಲಿಡುವ ಮಗುವಿನ ಬೆರಳು, ಕಡ್ಡಿಗಳಿಗೆ ಅಲ್ಲಿ ಸುಲಭಕ್ಕೆ ದಾರಿಯಿಲ್ಲ.

ಈ ವಿನ್ಯಾಸದ ಮೂಲ ಬ್ರಿಟನ್ನಿನ ಬಿಎಸ್ 546 ಮಾನದಂಡ. 1947ರಲ್ಲಿ ಆ ದೇಶ ಫ್ಯೂಸ್ ಇರುವ ಚಪ್ಪಟೆ ಪಿನ್ನಿನ ಪ್ಲಗ್ಗಿಗೆ ಹೊಸ ಮಾನದಂಡ ರೂಪಿಸಿ, ಕ್ರಮೇಣ ಅತ್ತ ಹೊರಳಿತು. ನಾವು ದುಂಡು ಪಿನ್ನನ್ನೇ ಉಳಿಸಿಕೊಂಡೆವು. ನಮ್ಮ ಮಾನದಂಡ ಐಎಸ್ 1293. ಮಿಕ್ಸಿ, ಟೇಬಲ್ ಫ್ಯಾನಿಗೆ 6 ಆಂಪಿಯರಿನ ಚಿಕ್ಕ ಪ್ಲಗ್. ಗೀಸರ್, ಏಸಿಗೆ 16 ಆಂಪಿಯರಿನ ದೊಡ್ಡದು. ದೊಡ್ಡ ಪ್ಲಗ್ ಚಿಕ್ಕ ಸಾಕೆಟ್ಟಿನಲ್ಲಿ ಕೂರದಿರುವುದು ಕಿರಿಕಿರಿಯಲ್ಲ, ತಂತಿ ಕಾದು ಬೆಂಕಿ ಹತ್ತದಂತೆ ಇಟ್ಟ ಕಾವಲು.

ಆದರೆ ಗೋಡೆಯೊಳಗಿನ ಹಸಿರು ತಂತಿ ನೆಲದ ಅರ್ಥಿಂಗ್‌ವರೆಗೆ ತಲುಪದಿದ್ದರೆ ಇಷ್ಟೆಲ್ಲ ಜಾಣ್ಮೆ ವ್ಯರ್ಥ. ಎಲೆಕ್ಟ್ರಿಷಿಯನ್ ಮನೆಗೆ ಬಂದಾಗ ಅದನ್ನೊಮ್ಮೆ ಪರೀಕ್ಷೆ ಮಾಡಿಸಿ.