ಗೆದ್ದವರ ಊರಿನಲ್ಲಿ ಸೋತ ರಾಣಿಯ ಕಾದಂಬರಿ

ಗಜಾನನ ಶರ್ಮರ 'ಚೆನ್ನಭೈರಾದೇವಿ' ಮೇಲಿಂದ ಮೇಲೆ ಮುದ್ರಣ ಕಂಡ ಕಾದಂಬರಿ. 'ಪುನರ್ವಸು'ವಿನಲ್ಲಿ ಶರಾವತಿ ಕಣಿವೆಯ ಮುಳುಗಡೆಯನ್ನು ಬರೆದ ಸಾಗರ ಸೀಮೆಯ ಈ ಎಂಜಿನಿಯರ್, ಇಲ್ಲಿ ಅದೇ ಹೊಳೆಗುಂಟ ಇಳಿದು ಗೇರುಸೊಪ್ಪೆ ಮುಟ್ಟಿದ್ದಾರೆ. ಚೆನ್ನಭೈರಾದೇವಿ ಅಲ್ಲಿ 1552ರಿಂದ 1606ರವರೆಗೆ, 54 ವರ್ಷ ಆಳಿದ ಜೈನ ರಾಣಿ. ಪೋರ್ಚುಗೀಸರ ಬಾಯಲ್ಲಿ ಕಾಳುಮೆಣಸಿನ ರಾಣಿ. ಅವಳನ್ನು ಸೋಲಿಸಿ ಸೆರೆಯಲ್ಲಿಟ್ಟವರು ಕೆಳದಿಯ ನಾಯಕರು. ಶಿವಮೊಗ್ಗದಲ್ಲಿ ಕೂತು ಈ ಪುಸ್ತಕದ ಬಗ್ಗೆ ಮಾತಾಡುವವರು ಈ ಕೊನೆಯ ಸಂಗತಿಯನ್ನು ದಾಟಿ ಹೋಗುವಂತಿಲ್ಲ.

ಇಲ್ಲಿ ಊರ ನಡುವಿನ ವೃತ್ತಕ್ಕೆ ಕೆಳದಿಯ ಶಿವಪ್ಪ ನಾಯಕನ ಹೆಸರು. ತುಂಗೆಯ ದಂಡೆಯಲ್ಲಿ ಅವನ ಹೆಸರಿನ ಅರಮನೆ. ಕಂದಾಯದ ಮಾತು ಬಂದರೆ ಅವನ 'ಶಿಸ್ತು' ನೆನಪಾಗುತ್ತದೆ. ಶಾಲೆಯ ದಿನಗಳಿಂದ ಕೆಳದಿಯನ್ನು ನಮ್ಮದೆಂದೇ ತಿಳಿದು ಬಂದವರು ನಾವು. ಅಂಥವರು ಅದೇ ಕೆಳದಿಯ ದಂಡು ಏರಿಬರುವುದನ್ನು ರಾಣಿಯ ಕಡೆ ನಿಂತು ನೋಡಬೇಕಾಗುತ್ತದೆ. ಈ ಕಾದಂಬರಿಯ ದೊಡ್ಡ ಕೆಲಸ ಅದು ಎಂದೇ ನನ್ನ ಎಣಿಕೆ. ಆದರೆ ಅಲ್ಲಿಂದಲೇ ಓದುಗನ ತಕರಾರೂ ಶುರುವಾಗಬೇಕು. ಆ ದಂಡು ಕಳಿಸಿದ ಕೆಳದಿಯ ಅರಸ ಹಿರಿಯ ವೆಂಕಟಪ್ಪ ನಾಯಕನಿಗೆ ಘಟ್ಟದ ಕೆಳಗಿನ ಸೀಮೆ ಯಾಕೆ ಬೇಕಾಗಿತ್ತು? ಮೆಣಸಿನ ವ್ಯಾಪಾರವೋ, ಬಂದರೋ, ಬರೀ ಹಟವೋ? ಇದನ್ನು ಲೇಖಕರ ಎದುರು ಕೂತು ಕೇಳಬೇಕು.

ಕೇಳಲು ಜಾಗವೇನೋ ಇದೆ. 1930ರಲ್ಲಿ ಹುಟ್ಟಿದ ಕರ್ನಾಟಕ ಸಂಘ, ಅದರ ಹಸೂಡಿ ವೆಂಕಟಶಾಸ್ತ್ರಿ ಸಾಹಿತ್ಯ ಭವನ ಈ ಊರಿನ ಭಾಗ್ಯ. ಕೊರತೆ ಇರುವುದು ನಮ್ಮ ಕಡೆಯ ಸಭೆಗಳ ರೂಢಿಯಲ್ಲಿ. ಪ್ರಾರ್ಥನೆ, ಸ್ವಾಗತ, ಪ್ರಾಸ್ತಾವಿಕ, ಶಾಲು, ಹಾರ, ಫಲತಾಂಬೂಲ, ಮುಖ್ಯ ಅತಿಥಿಗಳ ನುಡಿ, ಎಲ್ಲ ಮುಗಿದ ಮೇಲೆ ಸಂವಾದಕ್ಕೆ ಹತ್ತು ನಿಮಿಷ. ಅದರಲ್ಲೂ ಅರ್ಧ ಸಮಯ ಪ್ರಶ್ನೆಯ ಹೆಸರಿನ ಹೊಗಳಿಕೆಗೆ ಹೋಗುತ್ತದೆ.

ಭದ್ರಾವತಿಯ ಇಂಥದೊಂದು ಸಭೆಯಲ್ಲಿ, ಬೇರೊಬ್ಬ ಜನಪ್ರಿಯ ಕಾದಂಬರಿಕಾರರು ಬಂದಿದ್ದಾಗ, ನನ್ನ ಪಕ್ಕ ಕೂತಿದ್ದವರು ಕಬ್ಬಿಣದ ಕಾರ್ಖಾನೆಯ ಎರಕದ ವಿಭಾಗದಲ್ಲಿ ದುಡಿದು ನಿವೃತ್ತರಾದ ಹಿರಿಯರು. ಆಹ್ವಾನ ಪತ್ರಿಕೆಯ ಹಿಂಬದಿಯಲ್ಲಿ ಗುಂಡಗಿನ ಅಕ್ಷರದಲ್ಲಿ ಬರೆದರು: 'ಯುದ್ಧದಲ್ಲಿ ಬರುವ ತೋಪುಗಳನ್ನು ಇಲ್ಲೇ ಎರಕ ಹೊಯ್ದರೋ, ಹೊರಗಿನಿಂದ ತಂದರೋ? ಇಲ್ಲೇ ಆದರೆ ಅಷ್ಟು ಲೋಹ ಕರಗಿಸುವ ಕುಲುಮೆ ಎಲ್ಲಿತ್ತು?' ಚೀಟಿ ವೇದಿಕೆಗೆ ಹೋಯಿತು, ಯಾರೂ ಓದಲಿಲ್ಲ. ಸಮಯದ ಅಭಾವ ಎಂದರು. ನನಗೆ ನಿಜಕ್ಕೂ ಹೊಟ್ಟೆ ಉರಿಯಿತು. ತೋಪು ಎಲ್ಲಿಂದ ಬಂತು ಎಂದು ತಿಳಿದರೆ ಆ ಅರಸು ಯಾರ ಹಂಗಿನಲ್ಲಿದ್ದ, ಯಾರ ಸಾಲ ತೀರಿಸಬೇಕಿತ್ತು ಎಂಬುದು ಬಿಚ್ಚಿಕೊಳ್ಳುತ್ತದೆ. ಜೀವಮಾನವಿಡೀ ಕಾದ ಲೋಹ ಕಂಡವರಿಗಷ್ಟೇ ಹೊಳೆಯುವ ಪ್ರಶ್ನೆ ಅದು.

ಓದುಗರ ಸಭೆಗಳು ಹೊರನಾಡಿನಲ್ಲೂ ನಡೆಯುತ್ತವೆ. ಅಮೆರಿಕದ ಕನ್ನಡ ಸಾಹಿತ್ಯ ರಂಗ ಎರಡು ವರ್ಷಕ್ಕೊಮ್ಮೆ ನಡೆಸುವ ವಸಂತ ಸಾಹಿತ್ಯೋತ್ಸವಕ್ಕೆ ಇಲ್ಲಿನ ಲೇಖಕರು ಹೋಗುತ್ತಾರೆ. ರಜೆ ಹಾಕಿ, ದೂರದಿಂದ ಬಂದು ಸೇರುವ ಆ ಓದುಗರ ಪ್ರೀತಿ ದೊಡ್ಡದು. ಆದರೆ ಅಷ್ಟು ದೂರದಲ್ಲಿ ಕೆಳದಿಯೂ ಗೇರುಸೊಪ್ಪೆಯೂ ಒಂದೇ ಕರ್ನಾಟಕವಾಗಿ ಕಾಣುವುದು ಸಹಜ. ಆ ಎರಡರ ನಡುವಿನ ಜಗಳ ಇನ್ನೂ ಚುರುಗುಟ್ಟುವುದು ಇಲ್ಲಿ. ಹಾಗಾಗಿ ಐತಿಹಾಸಿಕ ಕಾದಂಬರಿಕಾರರು ಹೊರನಾಡಿನಲ್ಲಿ ಪಡೆದ ಚಪ್ಪಾಳೆಗಿಂತ ಶಿವಮೊಗ್ಗದಲ್ಲಿ ಎದುರಿಸುವ ಒಂದು ತಕರಾರಿಗೆ ನಾನು ಹೆಚ್ಚು ಬೆಲೆ ಕೊಡುತ್ತೇನೆ.

ಕಾದಂಬರಿಕಾರ ಕೆ.ಎನ್. ಗಣೇಶಯ್ಯ ತಮ್ಮ ಕಥೆಗಳ ಜೊತೆ ಆಕರಗಳನ್ನು ಕೊಡುತ್ತಾರೆ, ಒಳ್ಳೆಯ ಪದ್ಧತಿ. ಇದೇ ರಾಣಿಯ ಕಥೆ ಅವರ 'ಬಳ್ಳಿಕಾಳ ಬೆಳ್ಳಿ'ಯಲ್ಲೂ ಬರುತ್ತದೆ. ಆದರೂ ಅಚ್ಚಾದ ಆಕರ ಮರುಪ್ರಶ್ನೆಗೆ ಉತ್ತರಿಸುವುದಿಲ್ಲ. ಶಾಸನ ಎಲ್ಲಿಗೆ ನಿಂತಿತು, ಕಲ್ಪನೆ ಎಲ್ಲಿಂದ ಹೊರಟಿತು ಎಂದು ಲೇಖಕರು ಪುಟ ತೆರೆದು ತೋರಿಸುವ ಸಭೆ ನಮಗೆ ಬೇಕು. ಈ ಎರಡು ಕಾದಂಬರಿಗಳ ಜೊತೆಗೆ 1763ರಲ್ಲಿ ಹೈದರಾಲಿಯ ಕೈಗೆ ಬಿದ್ದ, ಕೆಳದಿ ಅರಸರ ರಾಜಧಾನಿ ಬಿದನೂರಿನ ಕೊನೆಗಾಲವನ್ನು ಬರೆದ ಮಾಸ್ತಿಯವರ 'ಚೆನ್ನಬಸವನಾಯಕ'ವನ್ನೂ ಒಂದೇ ಮೇಜಿನ ಮೇಲಿಡಲಿ. ಶಾಲು ಹಾರ ಐದು ನಿಮಿಷದಲ್ಲಿ ಮುಗಿಸಿ, ಗೇರುಸೊಪ್ಪೆ ಕಡೆಯ ಓದುಗರನ್ನೂ ಕರೆಸಿ, ಎರಡು ಗಂಟೆ ಪ್ರಶ್ನೆಗೇ ಬಿಡಲಿ. ಮಾರನೇ ದಿನ ಬೇಕೆಂದವರು ಸಾಗರ ತಾಲೂಕಿನ ಕಾಡಿನೊಳಗಿರುವ ರಾಣಿಯ ಕಾನೂರು ಕೋಟೆಗೆ ಲೇಖಕರ ಜೊತೆ ಹೋಗಿಬರಬಹುದು.