ಭೂತಗನ್ನಡಿ ಹಿಡಿಯುವ ಬಗೆ

ಭೂತಗನ್ನಡಿ ವಸ್ತುವನ್ನು ದೊಡ್ಡದು ಮಾಡುತ್ತದೆ ಎಂಬುದು ರೂಢಿಯ ಮಾತು. ಅಸಲಿಗೆ, ವಸ್ತುವನ್ನು ತೀರ ಹತ್ತಿರ ಹಿಡಿದರೂ ಮಸುಕಾಗದಂತೆ ನೋಡಿಕೊಳ್ಳುವುದೇ ಅದರ ಕೆಲಸ.

ವಸ್ತು ಹತ್ತಿರ ಬಂದಷ್ಟೂ ಅಕ್ಷಿಪಟದ ಮೇಲಿನ ಬಿಂಬ ಹಿಗ್ಗುತ್ತದೆ. ಆದರೆ ಕಣ್ಣಿನೊಳಗಿನ ಮಸೂರ ಉಬ್ಬುವುದಕ್ಕೂ ಒಂದು ಮಿತಿಯಿದೆ. ಸ್ಪಷ್ಟವಾಗಿ ಕಾಣುವ ಅತಿ ಸಮೀಪದ ದೂರವನ್ನು ಲೆಕ್ಕಕ್ಕೆ 25 ಸೆಂಟಿಮೀಟರ್ ಎಂದು ಹಿಡಿಯುತ್ತಾರೆ. ಅದಕ್ಕೂ ಹತ್ತಿರ ತಂದರೆ ಬಿಂಬ ಕಲಸಿಹೋಗುತ್ತದೆ. ನಡುವೆ ಪೀನ ಮಸೂರವಿದ್ದರೆ, ಹರಡಿಕೊಂಡು ಬರುವ ಕಿರಣಗಳನ್ನು ಅದು ಮೊದಲೇ ಬಾಗಿಸಿ ಕೊಡುತ್ತದೆ.

ವಸ್ತು ಮಸೂರದ ಸಂಗಮದೂರದ ಒಳಗಿದ್ದರೆ ನೇರವಾದ, ಹಿಗ್ಗಿದ ಮಿಥ್ಯ ಪ್ರತಿಬಿಂಬ ಕಾಣುತ್ತದೆ. ಸರಿಯಾಗಿ ಸಂಗಮಬಿಂದುವಿನಲ್ಲೇ ಇದ್ದರೆ ಕಿರಣಗಳು ಸಮಾಂತರವಾಗಿ ಹೊರಡುತ್ತವೆ. ದೂರದ ಬೆಟ್ಟ ನೋಡುವಾಗಿನಂತೆ ಕಣ್ಣಿನ ಸ್ನಾಯು ಸಡಿಲವಾಗಿರುತ್ತದೆ. ಚಾಳೀಸು ಬಂದವರಿಗೂ ಭೂತಗನ್ನಡಿ ಒಗ್ಗುವುದು ಇದರಿಂದಲೇ. ಆಗ ಎಷ್ಟು ಪಟ್ಟು ಹಿಗ್ಗುತ್ತದೆಂದು ತಿಳಿಯಲು 25ನ್ನು ಸೆಂಟಿಮೀಟರ್ ಲೆಕ್ಕದ ಸಂಗಮದೂರದಿಂದ ಭಾಗಿಸಿದರಾಯಿತು: 2.5 ಸೆಂಟಿಮೀಟರ್ ಇದ್ದರೆ 10 ಪಟ್ಟು.

ಹಿಡಿಯುವ ಕ್ರಮವೂ ಇದಕ್ಕೆ ತಕ್ಕಂತೆಯೇ. ಪುಟ್ಟ ಗಾಜನ್ನು ತೋಳು ಚಾಚಿ ಹಿಡಿದರೆ ಕಾಣುವ ಜಾಗ ಕಿರಿದಾಗುತ್ತದೆ. ಕಣ್ಣಿಗೆ ಒತ್ತಿದಂತೆ ಹಿಡಿದರೆ ಹರವು ಹೆಚ್ಚುತ್ತದೆ. ಗಾಜು ಹಿಡಿದ ಕೈಯನ್ನು ಕೆನ್ನೆಗೆ ಆನಿಸಿ, ಇನ್ನೊಂದು ಕೈಯಿಂದ ವಸ್ತುವನ್ನು ನಿಧಾನವಾಗಿ ಹತ್ತಿರ ತರಬೇಕು. ತುಂಬೆ ಹೂವನ್ನು ಹೀಗೆ ತಂದರೆ, ಬರಿಗಣ್ಣಿಗೆ ಬರೀ ಬಿಳಿಯಾಗಿದ್ದ ಮೇಲಿನ ತುಟಿಯ ಮೇಲೆ ಒತ್ತಾದ ರೋಮಗಳು ಎದ್ದು ಕಾಣುತ್ತವೆ. ಇನ್ನೊಂದು ಕಣ್ಣನ್ನೂ ತೆರೆದಿಟ್ಟರೆ ಆಯಾಸ ಕಡಿಮೆ. ಸಮೀಪದೃಷ್ಟಿಯವರು ಕನ್ನಡಕ ತೆಗೆದು, ಹೂವನ್ನು ತುಸು ಹೆಚ್ಚು ಹತ್ತಿರ ತಂದರೆ ಸಾಕು.

ಶಕ್ತಿ ಹೆಚ್ಚಿದಂತೆ ತೊಡಕೂ ಹೆಚ್ಚು. 20 ಪಟ್ಟಿನ ಗಾಜಿಗೆ ವಸ್ತು 1.25 ಸೆಂಟಿಮೀಟರಿನಷ್ಟು ಸಮೀಪ ಬರಬೇಕು. ನೋಡುವವರ ತಲೆಯೇ ಬೆಳಕಿಗೆ ಅಡ್ಡವಾಗುತ್ತದೆ, ಕೈ ಕೊಂಚ ನಡುಗಿದರೂ ಬಿಂಬ ಜಾರುತ್ತದೆ. 17ನೇ ಶತಮಾನದಲ್ಲಿ ಡೆಲ್ಫ್ಟ್ ಪಟ್ಟಣದ ಬಟ್ಟೆ ವ್ಯಾಪಾರಿ ಲೀವೆನ್‌ಹುಕ್ ಮಣಿಯಂಥ ಒಂಟಿ ಮಸೂರದಲ್ಲೇ ಬ್ಯಾಕ್ಟೀರಿಯಾ ಕಂಡ. ಆತನ ಉಪಕರಣಗಳಲ್ಲಿ ಉಳಿದುಬಂದ ಒಂದರ ವರ್ಧನೆ ಸುಮಾರು 266 ಪಟ್ಟು. ವಸ್ತುವನ್ನು ಸೂಜಿಯ ಮೊನೆಗಿಟ್ಟು ತಿರುಪಿನಿಂದ ಸರಿಸುವ ಏರ್ಪಾಡು ಅದರಲ್ಲಿತ್ತು.

ಒಂಟಿ ಮಸೂರದಲ್ಲಿ ಅಂಚು ಮಸುಕಾಗುವುದು, ಬಣ್ಣದ ಗೆರೆ ಮೂಡುವುದು ಸಹಜ. ಮೂರು ಗಾಜು ಅಂಟಿಸಿದ ಟ್ರಿಪ್ಲೆಟ್ ಇವೆರಡನ್ನೂ ಬಹುಮಟ್ಟಿಗೆ ತಿದ್ದುತ್ತದೆ. ವಜ್ರದ ಶುದ್ಧತೆ ಅಳೆಯುವವರು ಬಳಸುವುದು 10 ಪಟ್ಟಿನ ಇಂಥ ಗಾಜನ್ನೇ. ಹೂವು, ಹುಳು, ಅಂಚೆಚೀಟಿ ನೋಡುವವರಿಗೂ ಅದೇ ಧಾರಾಳ.